ಕೇಳದ ಹಾಡನ್ನು ಕಲಿಸಿದ ಸಂನ್ಯಾಸಿ

ಗುರುವು ಎದುರಿಗಿಲ್ಲದೆ ಸಂಗೀತ ಬರುವುದುಂಟೆ? ಸ್ವರಶಾಸ್ತ್ರವನ್ನೂ ಸ್ವರಜ್ಞಾನವನ್ನೂ ಅಂತರ್ಜಾಲದಲ್ಲಿ ಕಲಿಯುವ ಈ ದಿನಗಳಲ್ಲಿ ಪ್ರಶ್ನೆಯು ಹೊಸದೆಂದು ತೋರಬಹುದು. ಆದರೆ ಶ್ರೋತೃಗಳೇ, ಸುಮಾರು 1030ರಲ್ಲಿಯೇ ಇಟಲಿಯ ಅರೆಟ್ಸೊ ನಗರದ ಸಂನ್ಯಾಸಿ ಗ್ವೀಡೊ ಇದನ್ನು ಎದುರಿಸಿದ್ದನು.

ಅಂದಿನ ಗಾಯಕರು ಇಗರ್ಜಿಯ ಸ್ತೋತ್ರಗಳನ್ನು ಒಂದೊಂದಾಗಿ ಕೇಳಿ ಕಂಠಸ್ಥ ಮಾಡಬೇಕಾಗಿದ್ದಿತು. ಹತ್ತು ವರ್ಷ ದುಡಿದರೂ ಕೇಳದ ಹಾಡೊಂದನ್ನು ತಾವಾಗಿ ಹಾಡಲಾರರು. ಗೆರೆಗಳ ಮೇಲೆ ಸ್ವರ ಬರೆಯುವ ಪದ್ಧತಿಯನ್ನು ಗ್ವೀಡೊ ನೆಲೆಗೊಳಿಸಿದನು. ಅದು ಕಣ್ಣಿಗಾದ ಉಪಕಾರ, ಕಿವಿಗೇನು? ಸಂತ ಯೋಹಾನನ ಸ್ತೋತ್ರವೊಂದರ ಮೊದಲ ಆರು ಖಂಡಗಳು ಒಂದಕ್ಕಿಂತ ಒಂದು ಮೇಲಿನ ಸ್ವರದಿಂದ ಆರಂಭವಾಗುತ್ತವೆ. ಅವುಗಳ ಮೊದಲಕ್ಷರಗಳೇ ಉತ್, ರೆ, ಮಿ, ಫಾ, ಸೋಲ್, ಲಾ. ಇವುಗಳಲ್ಲಿ ಮಿ-ಫಾಗಳ ನಡುವೆ ಮಾತ್ರ ಅರ್ಧಸ್ವರದ ಅಂತರ, ಉಳಿದೆಡೆ ಪೂರ್ಣ. ಆ ಕಿರಿಯ ಅಂತರವನ್ನು ಕಿವಿಯು ಹಿಡಿಯಿತೆಂದರೆ, ತಾನು ಎಲ್ಲಿ ನಿಂತಿರುವೆನೆಂಬುದು ಹುಡುಗನಿಗೆ ತಿಳಿಯಿತು.

ಹತ್ತು ವರ್ಷದ ವಿದ್ಯೆಯು ಒಂದೆರಡು ವರ್ಷಕ್ಕಿಳಿಯಿತೆಂದು ಅವನೇ ಬರೆದಿರುವನು. ತನ್ನ ಸ್ತುತಿಯಲ್ಲವೇ, ಸ್ವಲ್ಪ ಕಳೆದೇ ಓದೋಣ. ಆದರೂ 19ನೆಯ ಜಾನ್ ಪೋಪನು ಅವನನ್ನು ರೋಮಿಗೆ ಕರೆಸಿ, ಎಂದೂ ಕೇಳಿರದ ಒಂದು ಚರಣವನ್ನು ತಾನೇ ಹಾಡುವವರೆಗೆ ಸ್ಥಳ ಬಿಟ್ಟು ಕದಲಲಿಲ್ಲವಂತೆ.

ಸ್ವಾರಸ್ಯವೇನೆಂದರೆ, ಈ ವಿಧಾನವನ್ನು ಗ್ವೀಡೊ ತಿಳಿಸಿದ್ದು ದೂರದ ಮಠದ ಗೆಳೆಯ ಮೈಕೇಲನಿಗೆ ಬರೆದ ಕಾಗದದಲ್ಲಿ. ಬರೆಹದಿಂದ ಇದನ್ನು ಸೂಚಿಸುವುದೇ ಕಷ್ಟ, ಎದುರು ಕುಳಿತು ಮಾತಾಡಿದರೆ ಸುಲಭವೆಂದು ಅದರಲ್ಲಿಯೇ ಒಪ್ಪಿಕೊಂಡಿರುವನು. ನಮ್ಮ ಗಮಕಗಳನ್ನು ಕಾಗದದ ಮೇಲಿಡಹೊರಟವರಿಗೆ ಈ ಪೇಚಾಟವು ಪರಿಚಿತವೇ.