ಫ್ರೇಮ್ ರೇಟು

ಮಲ್ಪೆಯಲ್ಲಿ ಬಂಗುಡೆಗೆ ರೇಟು, ಉಡುಪಿಯ ಕನ್ನಡಕದಂಗಡಿಯಲ್ಲಿ ಫ್ರೇಮು. ಎರಡೂ ಬಾಯಿಗೆ ಹಳತಾದ ಪದಗಳೇ. ಜೋಡಿಯಾದರೆ ಅರ್ಥ ಬೇರೆ: ಸೆಕೆಂಡಿಗೆ ಪರದೆಯ ಮೇಲೆ ಮೂಡುವ ಚಿತ್ರಗಳ ಸಂಖ್ಯೆ. 'ರೇಟ್' ಲ್ಯಾಟಿನ್ನಿನ 'ರಾಟಾ'ದಿಂದ ಬಂದದ್ದು. ಲೆಕ್ಕ ಹಾಕಿದ ಪಾಲು ಎಂಬುದು ಅದರ ಮೂಲಾರ್ಥ. ಇಲ್ಲಿಗೆ ಒಪ್ಪುವುದೂ ಅದೇ.

1920ರ ದಶಕದ ಕೊನೆಯಲ್ಲಿ ಮಾತು ಬಂದ ಸಿನಿಮಾ 24ಕ್ಕೆ ನಿಂತಿತು. ನಮ್ಮ ಟಿವಿ 25 ಹಿಡಿಯಿತು, 50 ಹರ್ಟ್ಸ್ ವಿದ್ಯುತ್ತಿನ ಸರಿ ಅರ್ಧ. ಅಮೆರಿಕದ ಬಣ್ಣದ ಟಿವಿಯದು 29.97.

ಅಂಬಲಪಾಡಿಯ ಯಕ್ಷಗಾನವೊಂದನ್ನು ಮೊಬೈಲಿನಲ್ಲಿ 30 ಫ್ರೇಮಿಗೆ ತೆಗೆದರೆನ್ನಿ. ಎಡಿಟ್ ಮುಗಿಸಿ ಎಂಪಿ4 ಮಾಡಿದರೆ 30 ಹಾಗೇ ಉಳಿಯುತ್ತದೆ. ಗಿಫ್ ಮಾಡಿದರೆ ಹಾಗೇ ಉಳಿಯುವುದು ಕಷ್ಟ! ಗಿಫ್ ಕಡತ ಕಾಲವನ್ನು ಬರೆದಿಡುವುದು ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ, ಅದೂ ಪೂರ್ಣಾಂಕದಲ್ಲಿ. ಒಂದೇ ಸಮನೆ 30 ಬರಬೇಕಾದರೆ ಪ್ರತಿ ಚಿತ್ರವೂ 3.33 ಭಾಗ ನಿಲ್ಲಬೇಕು. ಎಲ್ಲಕ್ಕೂ 3 ಕೊಟ್ಟರೆ ವೇಗ 33.3 ಆಗುತ್ತದೆ, 4 ಕೊಟ್ಟರೆ 25. ಅವೇ ಚಿತ್ರಗಳು, ಆದರೆ ಮಂಡಿ ಹಾಕುವ ಅಭಿಮನ್ಯು ಒಂದರಲ್ಲಿ ತುಸು ಚುರುಕು, ಇನ್ನೊಂದರಲ್ಲಿ ನಿಧಾನ. ಗಿಫ್‌ನಲ್ಲಿ ಧ್ವನಿಯೂ ಇಲ್ಲದ್ದರಿಂದ ಚೆಂಡೆಗೆ ಹೆಜ್ಜೆ ತಪ್ಪಿದ್ದು ಯಾರಿಗೂ ಗೊತ್ತಾಗುವುದಿಲ್ಲ. ತಾಳವೇ ಪ್ರಾಣವಾದ ಕಲೆಗೆ ಇದು ಸಣ್ಣ ನಷ್ಟವಲ್ಲ.

'ಚೌಕಟ್ಟು ದರ' ಎಂಬ ಅನುವಾದ ಬಳಕೆಗೆ ಹತ್ತಲಿಲ್ಲ. ಮದುವೆ ವಿಡಿಯೋದವರ ಬಾಯಲ್ಲಿ 'ಎಷ್ಟು ಫ್ರೇಮಲ್ಲಿ ತೆಗೀಲಿ?' ಎಂದೇ ಕೇಳಿಬರುವುದು. ರಾತ್ರಿಯ ಯಕ್ಷಗಾನದ ಆಟಕ್ಕಾದರೆ 25 ಅಥವಾ 50 ಒಳ್ಳೆಯದು: ನಮ್ಮ ವಿದ್ಯುತ್ತಿನ ಲಯಕ್ಕೆ ಹೊಂದುವುದರಿಂದ ರಂಗದ ದೀಪಗಳು ವಿಡಿಯೋದಲ್ಲಿ ಮಿನುಗುವುದು ಕಡಿಮೆ.