ಕೂಸು ಹುಟ್ಟುವ ಮುಂಚೆ ಕುಲಾವಿ: ವಿದ್ಯುತ್ ಕಾರಿನ ಮುಂಗಡದ ಇತಿಹಾಸ



ಹೊಸ ವಿದ್ಯುತ್ ಕಾರೊಂದರ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು, "ಸಾರ್, ಮುಂಗಡ ಕಟ್ಟಿಬಿಡಲೇ?" ಎಂದು ಕೇಳುವುದುಂಟು. ನಾನು ತರೀಕೆರೆಯಲ್ಲಿ ಕಲಿಸಿದ್ದು ಚರಿತ್ರೆಯನ್ನು, ಯಂತ್ರಶಾಸ್ತ್ರವನ್ನಲ್ಲ. ಆದರೂ ಈ ಪ್ರಶ್ನೆಗೆ ಚರಿತ್ರೆಯಲ್ಲಿಯೇ ಒಳ್ಳೆಯ ಉತ್ತರವಿದೆಯೆಂದು ನನ್ನ ನಂಬಿಕೆ. ಕಣ್ಣಿಗೆ ಕಾಣದ ವಾಹನಕ್ಕೆ ಮೊದಲೇ ಹಣ ಕಟ್ಟುವುದು ನಮ್ಮ ಮಧ್ಯಮವರ್ಗಕ್ಕೆ ಹೊಸತಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರು. ಹೊಲಿಸುವುದೇ ತಪ್ಪೆಂದು ನಾನು ಹೇಳಲಾರೆ. ಬಟ್ಟೆ ಎಷ್ಟು ಹಿಡಿಯುತ್ತದೆಂಬುದನ್ನು ಮೊದಲು ಅಳೆಯಬೇಕೆಂಬುದಷ್ಟೇ ನನ್ನ ವಾದ.

ಮೊದಲು ಮುಂಗಡದ ಕಥೆಯನ್ನು ನೋಡೋಣ. ಪರವಾನಗಿಯ ಕಾಲದಲ್ಲಿ, ಕಾರ್ಖಾನೆಯೊಂದು ಎಷ್ಟು ವಾಹನ ತಯಾರಿಸಬೇಕೆಂಬುದನ್ನು ಸರ್ಕಾರವೇ ನಿರ್ಧರಿಸುತ್ತಿತ್ತು. ಬೇಡಿಕೆ ಹೆಚ್ಚು, ತಯಾರಿಕೆ ಕಡಿಮೆ. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯುತ್ತಿದ್ದರು. ಸರದಿ ಬಂದವನು ತನ್ನ ಸ್ಕೂಟರನ್ನು ಕೂಡಲೇ ಹೆಚ್ಚಿನ ಬೆಲೆಗೆ ಬೇರೊಬ್ಬನಿಗೆ ಮಾರಿ ಲಾಭ ಮಾಡಿಕೊಳ್ಳುವುದೂ ಇತ್ತು. ಅಂದರೆ ವಾಹನಕ್ಕಿದ್ದಂತೆ ಸರದಿಗೂ ಒಂದು ಬೆಲೆಯಿತ್ತು.

ಅನಂತರ ಬಂದದ್ದು ಮಾರುತಿ. 1983ರ ಏಪ್ರಿಲ್ ತಿಂಗಳಲ್ಲಿ ಅದರ ಬುಕಿಂಗ್ ಆರಂಭವಾಯಿತು. ಮುಂಗಡ 10,000 ರೂಪಾಯಿ. ಆ ಕಾಲದಲ್ಲಿ ಅದು ನನ್ನಂಥ ಮೇಷ್ಟರೊಬ್ಬನ ಸುಮಾರು ಒಂದು ವರ್ಷದ ಸಂಬಳ. ಆದರೂ ಎರಡೇ ತಿಂಗಳಲ್ಲಿ ಸುಮಾರು 1.35 ಲಕ್ಷ ಜನ ಹಣ ಕಟ್ಟಿದರು. ಗುಣಿಸಿ ನೋಡಿದರೆ 135 ಕೋಟಿ ರೂಪಾಯಿ! ಮೊದಲ ಕಾರು ಗ್ರಾಹಕರ ಕೈಸೇರಿದ್ದು ಅದೇ ವರ್ಷದ ಡಿಸೆಂಬರ್ 14ರಂದು. ಸರದಿಯಲ್ಲಿ ಹಿಂದೆ ಇದ್ದವರು ಇನ್ನೂ ವರ್ಷಗಟ್ಟಲೆ ಕಾಯಬೇಕಾಯಿತು.

2009ರ ಏಪ್ರಿಲ್‌ನಲ್ಲಿ ಟಾಟಾ ನ್ಯಾನೋ ಕಾರಿನ ಸರದಿ. ಸುಮಾರು ಎರಡು ವಾರಗಳಲ್ಲಿ 2,06,703 ಜನ ಕಾಯ್ದಿರಿಸಿದರು. ಕಟ್ಟಿದ ಹಣ 2,500 ಕೋಟಿಯ ಹತ್ತಿರ ಬಂತು. ಮೊದಲ ಒಂದು ಲಕ್ಷ ಜನರನ್ನು ಲಾಟರಿ ಎತ್ತಿ ಆರಿಸಲಾಯಿತು. ಉಳಿದವರಲ್ಲಿ ಹಣ ವಾಪಸು ಪಡೆಯದೆ ಕಾಯಲು ಒಪ್ಪಿದವರಿಗೆ ಕಂಪನಿಯೇ ಬಡ್ಡಿ ಕೊಡುವುದಾಗಿ ಹೇಳಿತು. ಆದರೆ ಮುಂಗಡ ಕಟ್ಟಿದ ಬಹಳ ಮಂದಿ ಆ ಹಣವನ್ನು ಬ್ಯಾಂಕಿನಿಂದ ಸಾಲ ತಂದಿದ್ದರು. ಒಂದು ಕಡೆ ಬಡ್ಡಿ ಕಟ್ಟುತ್ತ, ಇನ್ನೊಂದು ಕಡೆ ಬಡ್ಡಿ ಪಡೆಯುತ್ತ ಅವರು ಕಾರಿಗಾಗಿ ಕಾದರು.

ಈ ಎರಡು ಪ್ರಸಂಗಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಮುಂಗಡ ಕೊಟ್ಟವನು ಕಾರಿನ ಒಡೆಯನಲ್ಲ. ಕಾರು ಬರುವವರೆಗೆ ಅವನು ತಯಾರಕನಿಗೆ ಸಾಲ ಕೊಟ್ಟವನು. ಸಾಲ ಕೊಡುವವನು ಕೇಳುವ ಪ್ರಶ್ನೆಗಳನ್ನೇ ಮುಂಗಡ ಕಟ್ಟುವವನೂ ಕೇಳಬೇಕು: ಯಾವಾಗ ವಾಪಸು, ಯಾವ ಷರತ್ತಿನ ಮೇಲೆ, ಬಡ್ಡಿಯುಂಟೇ?

ಇನ್ನು ವಿದ್ಯುತ್ ಕಾರಿಗೆ ಬರೋಣ. ನಮ್ಮ ದೇಶದಲ್ಲಿ ಅದರ ಕಥೆ ಬಹುಪಾಲು ಬೆಂಗಳೂರಿನದೇ. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಕಂಪನಿಯೊಂದೂ ಕೂಡಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದವು. ಅದರ ಹಿಂದಿನ ಶಕ್ತಿ ಚೇತನ್ ಮೈನಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅವರು 1990ರಲ್ಲಿ ಸೌರಶಕ್ತಿಯ ಕಾರು ಕಟ್ಟಿದ ವಿದ್ಯಾರ್ಥಿತಂಡದಲ್ಲಿದ್ದರು. ಏಳು ವರ್ಷಗಳ ಸಿದ್ಧತೆಯ ಬಳಿಕ 2001ರಲ್ಲಿ ರೇವಾ ಮಾರುಕಟ್ಟೆಗೆ ಬಂತು.

ಪುಟ್ಟ ಕಾರು. ದೊಡ್ಡವರಿಬ್ಬರು, ಹಿಂದೆ ಮಕ್ಕಳಿಬ್ಬರು. ಎಂಟು ಸೀಸ-ಆಮ್ಲದ ಬ್ಯಾಟರಿಗಳು. ಪೂರ್ತಿ ಚಾರ್ಜಿಗೆ ಸುಮಾರು ಎಂಟು ಗಂಟೆ. ಅಷ್ಟು ಮಾಡಿದರೆ 80 ಕಿ.ಮೀ. ಓಟ. ಬೆಲೆ ಎರಡೂವರೆ ಲಕ್ಷದ ಆಸುಪಾಸು. ಓಡಿಸುವ ಖರ್ಚು ಕಿ.ಮೀ.ಗೆ 40 ಪೈಸೆ ಎಂಬ ಪ್ರಚಾರ. ಇಷ್ಟು ಅಗ್ಗದ ಓಟವಿದ್ದೂ ಮಾರುತಿಗೆ ಮುಗಿಬಿದ್ದಂತೆ ಜನ ಇದಕ್ಕೆ ಮುಗಿಬೀಳಲಿಲ್ಲ. ಹತ್ತು ವರ್ಷಗಳಲ್ಲಿ ಪ್ರಪಂಚದಾದ್ಯಂತ ಮಾರಾಟವಾದದ್ದು ನಾಲ್ಕು ಸಾವಿರ ಚಿಲ್ಲರೆ ಮಾತ್ರ. ಏಕೆ?

ತರೀಕೆರೆಯಿಂದ ಲೆಕ್ಕ ಹಾಕಿದರೆ ಉತ್ತರ ಸುಲಭವಾಗಿ ಸಿಗುತ್ತದೆ. ನಮ್ಮೂರಿನಿಂದ ಶಿವಮೊಗ್ಗಕ್ಕೆ ಸುಮಾರು 40 ಕಿ.ಮೀ. ಹೋಗಿ ಬರುವಷ್ಟರಲ್ಲಿ 80 ಮುಗಿಯಿತು. ಆಸ್ಪತ್ರೆಗೆ ಹೋದವರು ದಾರಿಯಲ್ಲಿ ಭದ್ರಾವತಿಯ ನೆಂಟರ ಮನೆಗೊಂದು ಸುತ್ತು ಹಾಕುವಂತಿಲ್ಲ. ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರು ಅದಕ್ಕಿಂತ ದೂರ. ಅಲ್ಲಿ ರಾತ್ರಿ ತಂಗಿ ಚಾರ್ಜ್ ಮಾಡಿಕೊಳ್ಳದೆ ಹಿಂದಿರುಗುವ ಹಾಗಿಲ್ಲ. ಕೆಮ್ಮಣ್ಣುಗುಂಡಿಯ ಏರು ಹತ್ತಿದರೆ ಬ್ಯಾಟರಿ ಇನ್ನೂ ಬೇಗ ಬರಿದಾಗುತ್ತದೆ. ಮೇಲಾಗಿ ಆ ದಿನಗಳ ವಿದ್ಯುತ್ ಕಡಿತದಲ್ಲಿ ಎಂಟು ಗಂಟೆ ಒಂದೇ ಸಮನೆ ಕರೆಂಟು ಎಲ್ಲಿತ್ತು? ಅದೇ ಹಣಕ್ಕೆ ಮಾರುತಿ 800 ಸಿಗುತ್ತಿತ್ತು. ಅದು ಬೆಂಗಳೂರಿಗೂ ಓಡುತ್ತಿತ್ತು.

ಇದಕ್ಕಿಂತ ದೊಡ್ಡ ಅಡ್ಡಿಯೆಂದರೆ ಕಣ್ಣಿಗೆ ಕಾಣದ ಖರ್ಚು. ಸೀಸದ ಬ್ಯಾಟರಿಗಳ ಆಯುಸ್ಸು ಮೂರು ವರ್ಷದ ಆಸುಪಾಸು. ಆಮೇಲೆ ಎಂಟನ್ನೂ ಬದಲಿಸಬೇಕು. ಪೆಟ್ರೋಲ್ ಕಾರಿನವನು ಇಂಧನದ ಹಣವನ್ನು ದಿನದಿನವೂ ಚಿಲ್ಲರೆಯಾಗಿ ಕೊಡುತ್ತಾನೆ; ರೇವಾ ಕೊಂಡವನು ಮೂರು ವರ್ಷಕ್ಕೊಮ್ಮೆ ಇಡಿಗಂಟಾಗಿ ಕೊಡಬೇಕಿತ್ತು. ಕಿ.ಮೀ.ಗೆ 40 ಪೈಸೆ ಎಂಬ ಮಾತು ಸುಳ್ಳಲ್ಲ, ಆದರೆ ಅದು ಕರೆಂಟಿನ ಲೆಕ್ಕ ಮಾತ್ರ. ಬ್ಯಾಟರಿಯ ಸವೆತ ಅದರಲ್ಲಿ ಸೇರಿರಲಿಲ್ಲ.

ಇದೇ ಕಾರು ಲಂಡನ್ನಿನಲ್ಲಿ ಗೆದ್ದದ್ದು ಕುತೂಹಲದ ಸಂಗತಿ. ಅಲ್ಲಿ 2004ರಿಂದ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ನಗರದ ನಡುಭಾಗಕ್ಕೆ ಬರುವ ಕಾರುಗಳ ಮೇಲೆ ಲಂಡನ್ ಆಡಳಿತ 2003ರಲ್ಲಿ ದಿನಕ್ಕೆ 5 ಪೌಂಡ್ ಸುಂಕ ಹಾಕಿತ್ತು. 2005ರಲ್ಲಿ ಅದು 8 ಪೌಂಡ್ ಆಯಿತು. ಆಗ ವಿದ್ಯುತ್ ಕಾರಿಗೆ ಅದು ಮಾಫಿಯಾಗಿತ್ತು. ವರ್ಷಕ್ಕೆ 250 ದಿನ ಕೆಲಸಕ್ಕೆ ಹೋಗುವವನಿಗೆ 2,000 ಪೌಂಡ್ ಉಳಿತಾಯ! ನಾಲ್ಕಾರು ವರ್ಷಗಳಲ್ಲಿ ಕಾರಿನ ಬೆಲೆಯ ದೊಡ್ಡ ಪಾಲು ಹಿಂದೆ ಬಂದಂತೆಯೇ. ಕಾರು ಅದೇ, ಬೊಮ್ಮಸಂದ್ರದ ಕೆಲಸಗಾರರ ಕೈಯೂ ಅದೇ. ಬದಲಾದದ್ದು ಕೊಳ್ಳುವವನ ಮನೆಯ ಲೆಕ್ಕ. ವಿದ್ಯುತ್ ಕಾರು ಎಲ್ಲರಿಗೂ ಲಾಭವೆಂದಾಗಲಿ ಯಾರಿಗೂ ಆಗಿಬರುವುದಿಲ್ಲವೆಂದಾಗಲಿ ಹೇಳುವವರು ಈ ಉದಾಹರಣೆಯನ್ನು ನೆನೆಯಬೇಕು.

ಮುಂದಿನ ಪಾಠ ಸಹಾಯಧನದ್ದು. 2010ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಕಾರಿಗೆ ಗರಿಷ್ಠ 1 ಲಕ್ಷ ರೂಪಾಯಿಯವರೆಗೆ ರಿಯಾಯಿತಿ ಘೋಷಿಸಿತು. 2012ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು. ಫೇಮ್ ಎಂಬ ಹೊಸ ಯೋಜನೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ನಡುವಿನ ಮೂರು ವರ್ಷ ಕೇಂದ್ರದ ಕೈ ಖಾಲಿ. 2010ರಲ್ಲಿ ರೇವಾ ಕಂಪನಿಯ ಶೇ. 55.2ರಷ್ಟು ಪಾಲು ಕೊಂಡಿದ್ದ ಮಹೀಂದ್ರ, ತನ್ನ ಹೊಸ ಕಾರು ಇ2ಓ ಅನ್ನು ಹೊರತಂದದ್ದು ಸರಿಯಾಗಿ ಈ ಬರಗಾಲದಲ್ಲಿ, 2013ರ ಮಾರ್ಚ್‌ನಲ್ಲಿ. ದೆಹಲಿಯಲ್ಲಿ ಆ ರಾಜ್ಯದ ರಿಯಾಯಿತಿ ಸೇರಿ ಅದರ ಬೆಲೆ 5.96 ಲಕ್ಷ, ಅಂಥ ರಿಯಾಯಿತಿಯಿಲ್ಲದ ಊರುಗಳಲ್ಲಿ ಅದಕ್ಕಿಂತ ಹೆಚ್ಚು. ರಾಜ್ಯದ ತೆರಿಗೆಯೂ ಹೀಗೆಯೇ. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ಕರ್ನಾಟಕವೇ 2024ರಲ್ಲಿ 25 ಲಕ್ಷಕ್ಕೂ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇ. 10 ಆಜೀವ ತೆರಿಗೆ ಹಾಕಿತು. ಮುಂಗಡ ಕಟ್ಟಿದ ದಿನದ ಕಾನೂನು ಕಾರು ಮನೆಗೆ ಬರುವ ದಿನಕ್ಕೂ ಇರುತ್ತದೆಂಬ ಭರವಸೆ ಯಾರೂ ಕೊಡಲಾರರು.

ಇ2ಓ ಮಾರಾಟಕ್ಕಾಗಿ 2014ರಲ್ಲಿ ಮಾಡಿದ ಒಂದು ಪ್ರಯೋಗ ನನಗೆ ಬಹಳ ಮೆಚ್ಚುಗೆಯಾಯಿತು. ಕಾರಿನ ಬೆಲೆಯನ್ನು 4.99 ಲಕ್ಷಕ್ಕೆ ಇಳಿಸಿ, ಬ್ಯಾಟರಿಯ ಬಾಬ್ತು ಐದು ವರ್ಷ ತಿಂಗಳಿಗೆ 2,599 ರೂಪಾಯಿಯಂತೆ ಕಟ್ಟುವ ವ್ಯವಸ್ಥೆ ಮಾಡಿದರು. ತಿಂಗಳಿಗೆ 800 ಕಿ.ಮೀ. ಓಟದ ಮಿತಿ. ಐದು ವರ್ಷಕ್ಕೆ 1,55,940 ರೂಪಾಯಿ, ಭಾಗಿಸಿದರೆ ಕಿ.ಮೀ.ಗೆ ಸುಮಾರು ಮೂರೂಕಾಲು ರೂಪಾಯಿ. 40 ಪೈಸೆಯ ಮಾತಿಗೂ ಮೂರೂಕಾಲು ರೂಪಾಯಿಗೂ ಎಷ್ಟು ಅಂತರ ನೋಡಿ! ಬ್ಯಾಟರಿಯ ಸವೆತಕ್ಕೊಂದು ತಿಂಗಳ ಬೆಲೆ ಕಟ್ಟಿ ಗ್ರಾಹಕರ ಮುಂದಿಟ್ಟದ್ದು ಈ ಯೋಜನೆಯ ಹೆಚ್ಚುಗಾರಿಕೆ.

ಆಮೇಲೆ ಕಾಲ ಬದಲಾಯಿತು. 2010ರಲ್ಲಿ ಒಂದು ಕಿಲೋವ್ಯಾಟ್-ಗಂಟೆಗೆ ಸಾವಿರ ಡಾಲರಿಗೂ ಮೇಲಿದ್ದ ಲಿಥಿಯಂ ಬ್ಯಾಟರಿಯ ಸರಾಸರಿ ಬೆಲೆ 2024ರ ಹೊತ್ತಿಗೆ 115 ಡಾಲರಿಗೆ ಇಳಿಯಿತು. ಕಾರುಗಳ ಓಟ ಹೆಚ್ಚಿತು. ಅದರೊಡನೆ ಹಳೆಯ ಸರದಿಯೂ ಮರಳಿತು. 2016ರ ಮಾರ್ಚ್ 31ರಂದು ಅಮೆರಿಕದ ಟೆಸ್ಲಾ ಕಂಪನಿ ಮಾಡೆಲ್ 3 ಕಾರಿಗೆ 1,000 ಡಾಲರ್ ಮುಂಗಡ ಕೇಳಿದಾಗ ಭಾರತದಿಂದಲೂ ಕೆಲವರು ಕಟ್ಟಿದರು. ಕಂಪನಿ 2021ರಲ್ಲಿ ಬೆಂಗಳೂರಿನಲ್ಲಿ ತನ್ನ ಭಾರತದ ಶಾಖೆಯನ್ನು ನೋಂದಾಯಿಸಿತು. ಮುಂಬಯಿಯಲ್ಲಿ ಮಳಿಗೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿ ಮಾರಾಟಕ್ಕಿಟ್ಟದ್ದು ಸುಮಾರು 60 ಲಕ್ಷದ ಮಾಡೆಲ್ ವೈ! ಒಂಬತ್ತು ವರ್ಷ ಕಳೆದು, ಕೇಳಿದ ಕಾರು ಬಾರದೆ ಬೇರೆಯದು ಬಂತು.

ರೇವಾದ ವಾರಸುದಾರನಾದ ಮಹೀಂದ್ರಕ್ಕೂ ಅಂಥ ದಿನ ಬಂತು. 2025ರ ಫೆಬ್ರವರಿ 14ರಂದು, ಬಿಇ 6 ಮತ್ತು ಎಕ್ಸ್‌ಇವಿ 9ಇ ಕಾರುಗಳಿಗೆ ಒಂದೇ ದಿನದಲ್ಲಿ 30,179 ಬುಕಿಂಗ್. ಮೌಲ್ಯ 8,472 ಕೋಟಿ ಎಂದು ಕಂಪನಿ ಪ್ರಕಟಿಸಿತು. ಹತ್ತು ವರ್ಷದಲ್ಲಿ ರೇವಾ ಮಾರಿದ ಸಂಖ್ಯೆಯ ಆರೇಳು ಪಟ್ಟು ಒಂದು ಹಗಲಿನಲ್ಲಿ! ಆದರೆ ಗಮನಿಸಿ: ಬಿಇ 6ರ ಆರಂಭದ ಬೆಲೆಯೆಂದು ಘೋಷಿಸಿದ 18.90 ಲಕ್ಷದಲ್ಲಿ ಮನೆಯ ಚಾರ್ಜರ್ ಸೇರಿರಲಿಲ್ಲ. ಅದಕ್ಕೆ ಬೇರೆ 50,000 ಅಥವಾ 75,000 ರೂಪಾಯಿ.

ಈಗ ಆ ಪ್ರಶ್ನೆಗೆ ಬರುತ್ತೇನೆ. ಮುಂಗಡ ಕಟ್ಟಬಯಸುವ ನನ್ನ ಶಿಷ್ಯರು ಮೊದಲು ಒಂದು ಹಾಳೆಯ ಮೇಲೆ ಬರೆದುಕೊಳ್ಳಲಿ. ಷೋರೂಮಿನ ಬೆಲೆಗೆ ತೆರಿಗೆ, ವಿಮೆ, ಚಾರ್ಜರ್, ಅದನ್ನು ಕೂಡಿಸುವ ವೈರಿಂಗಿನ ಕೂಲಿ ಸೇರಿಸಿದರೆ ಬರುವುದೇ ನಿಜವಾದ ಬೆಲೆ. ಸಹಾಯಧನ ಕೈಗೆ ಬರುವವರೆಗೆ ಅದನ್ನು ಜಮೆಯ ಕಡೆ ಬರೆಯಬೇಡಿ. ಹಣ ವಾಪಸಾತಿಯ ಷರತ್ತನ್ನು ಓದಿ, ರಸೀತಿಯೊಡನೆ ಇಟ್ಟುಕೊಳ್ಳಿ. ಮುಂಗಡಕ್ಕೆ ಸಾಲ ಮಾಡಬೇಡಿ; ಮಗಳ ಕಾಲೇಜಿನ ಶುಲ್ಕಕ್ಕೆಂದು ಎತ್ತಿಟ್ಟ ಹಣವನ್ನಂತೂ ಮುಟ್ಟಬೇಡಿ. ಕಾರಿಗೆ ಸಾಲ ಮಾಡುವುದಾದರೆ, ಅದರ ಕೊನೆಯ ಕಂತು ಬ್ಯಾಟರಿಯ ಖಾತರಿ ಮುಗಿಯುವ ಮೊದಲೇ ತೀರುವಂತಿರಲಿ. ತೀರದ ಸಾಲವೂ ಸತ್ತ ಬ್ಯಾಟರಿಯೂ ಒಂದೇ ಮನೆಯಲ್ಲಿ ಕೂಡಿದರೆ ಕಷ್ಟ. ಓಟದ ದೂರವನ್ನಾದರೂ ಹೋಗಿ ಬರುವ ಲೆಕ್ಕದಲ್ಲಿ ಅಳೆಯಿರಿ.

ರೇವಾ ಕೊಂಡ ಆ ಕೆಲವೇ ಸಾವಿರ ಜನರನ್ನು ನಾನು ಗೌರವದಿಂದ ನೆನೆಯುತ್ತೇನೆ. ಬ್ಯಾಟರಿಯೆಂದರೆ ಏನು ಖರ್ಚು, ಎಷ್ಟು ದಿನ, ಎಷ್ಟು ದೂರ ಎಂಬುದನ್ನು ಅವರು ತಮ್ಮ ಕೈಯಿಂದ ಹಣ ತೆತ್ತು ಕಂಡುಕೊಂಡರು. ಎರಡು ದಶಕಗಳ ನಂತರ ಕಾರು ಕೊಳ್ಳುವವರಿಗೆ ಆ ಲೆಕ್ಕ ಪುಕ್ಕಟೆಯಾಗಿ ಸಿಗುತ್ತಿದೆ. ಅದನ್ನು ಓದಿಕೊಂಡು ಮುಂಗಡ ಕಟ್ಟಿರಿ.