ತಾಂಡಾ ಯಾವಾಗ ಊರಾಗುತ್ತದೆ?

ಚಿತ್ರದುರ್ಗ ಜಿಲ್ಲೆಯ ಹಳೆಯ ಕಂದಾಯ ನಕ್ಷೆಗಳನ್ನು ಹರಡಿಕೊಂಡು ಕೂತರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅದರಲ್ಲಿ ಕೆರೆ, ಹಳ್ಳ, ಗೋಮಾಳ, ಬಂಡಿದಾರಿ ಎಲ್ಲವೂ ಇರುತ್ತವೆ. ‘ಬೇಚರಾಕ್’ ಗ್ರಾಮಗಳೂ ಇರುತ್ತವೆ. ಬೇಚರಾಕ್ ಅಂದರೆ ದೀಪವಿಲ್ಲದ ಊರು. ಬರಕ್ಕೋ ಪ್ಲೇಗಿಗೋ ಜನ ಬಿಟ್ಟುಹೋದ ಈ ಊರುಗಳಲ್ಲಿ ಇಂದು ಒಂದು ಮನೆಯೂ ಇಲ್ಲ. ಆದರೂ ಅವಕ್ಕೆ ಹೆಸರಿದೆ, ಗಡಿಯಿದೆ, ಸರ್ವೆ ನಂಬರುಗಳಿವೆ. ಅಂಥ ಊರಿನ ಪಕ್ಕದಲ್ಲೇ ನೂರಾರು ಮನೆಗಳ ಲಂಬಾಣಿ ತಾಂಡಾವೊಂದು ಇರಬಹುದು. ಅಲ್ಲಿ ದೀಪ ಉರಿಯುತ್ತದೆ, ಶಾಲೆ ನಡೆಯುತ್ತದೆ, ಮತಗಟ್ಟೆಯೂ ಇರುತ್ತದೆ. ನಕ್ಷೆಯಲ್ಲಿ ಮಾತ್ರ ಆ ಜಾಗ ಪಕ್ಕದ ಹಳ್ಳಿಯ ಗೋಮಾಳವಾಗಿಯೋ ಯಾರದೋ ಹಿಡುವಳಿಯಾಗಿಯೋ ಉಳಿದಿರುತ್ತದೆ.

ಜನರಿಲ್ಲದ ಊರು ಊರಾಗಿಯೇ ಉಳಿಯಿತು, ಜನರಿರುವ ಊರು ಊರಾಗಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಬೇರೆ ನುಡಿಯಾಡುತ್ತ ಬಂದು ನೆಲೆಸಿ ಬೆಳೆದ ಒಂದು ಸಮುದಾಯದ ಜೊತೆ ಸ್ಥಳೀಯ ಆಡಳಿತ ಹೇಗೆ ನಡೆದುಕೊಂಡಿತು ಎಂದು ಕೇಳುವವರು ಈ ನಕ್ಷೆಯಿಂದಲೇ ಶುರುಮಾಡಬೇಕು.

ಲಂಬಾಣಿಗರು ಇಲ್ಲಿಗೆ ಕೂಲಿ ಹುಡುಕಿಕೊಂಡು ಬಂದವರಲ್ಲ. ಎತ್ತಿನ ಹಿಂಡುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರಿಂದೂರಿಗೆ ಸಾಗಿಸುತ್ತಿದ್ದ ವ್ಯಾಪಾರಿಗಳು ಅವರು. 1791-92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದತ್ತ ಬಂದಾಗ ಕಂಪನಿಯ ಸೈನ್ಯದ ಹೊಟ್ಟೆ ತುಂಬಿಸಿದ್ದು ಬಹುಮಟ್ಟಿಗೆ ಇವರ ಎತ್ತುಗಳೇ. ಇಂಗ್ಲಿಷ್ ದಾಖಲೆಗಳು ಇವರನ್ನು ‘ಬ್ರಿಂಜಾರಿ’ಗಳೆಂದು ಕರೆಯುತ್ತವೆ. ಸೈನ್ಯಕ್ಕೆ ಬೇಕಾದವರು ಶಾಂತಿಕಾಲದ ಆಡಳಿತಕ್ಕೆ ತೊಡಕಾದರು. ನಿಂತಲ್ಲಿ ನಿಲ್ಲದವರಿಂದ ಕಂದಾಯ ವಸೂಲಿ ಮಾಡುವುದು ಹೇಗೆ? ಅವರನ್ನು ಯಾವ ಊರಿನ ಲೆಕ್ಕಕ್ಕೆ ಸೇರಿಸುವುದು? 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಈ ಅನುಮಾನಕ್ಕೇ ಶಾಸನದ ರೂಪ ಕೊಟ್ಟಿತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾಗಿ 1911ರ ನಂತರ ಮದ್ರಾಸ್ ಪ್ರಾಂತಕ್ಕೂ ಹಬ್ಬಿದ ಆ ಕಾಯ್ದೆ 1952ರವರೆಗೂ ಬದುಕಿತ್ತು. ಕಾಯ್ದೆ ಹೋದರೂ ಅನುಮಾನ ಅಷ್ಟು ಬೇಗ ಹೋಗಲಿಲ್ಲ.

ಎತ್ತಿನ ವ್ಯಾಪಾರವನ್ನು ಮುಗಿಸಿದ್ದು ರೈಲು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಬೀರೂರಿನಿಂದ ಹೊಳಲ್ಕೆರೆ ಸೀಮೆಯ ಚಿಕ್ಕಜಾಜೂರಿನ ಮೇಲೆ ಹರಿಹರದತ್ತ ಹಳಿ ಹಾದುಹೋಯಿತು. ಎತ್ತುಗಳು ಹೊತ್ತು ವಾರಗಟ್ಟಲೆ ಸಾಗಿಸುತ್ತಿದ್ದ ಸರಕನ್ನು ಒಂದು ಗಾಡಿ ಒಂದೇ ದಿನದಲ್ಲಿ ಒಯ್ದಿತು. ದಾರಿಯನ್ನೇ ಮನೆ ಮಾಡಿಕೊಂಡಿದ್ದವರು ಊರಂಚಿನ ಗೋಮಾಳದಲ್ಲಿ, ಗುಡ್ಡದ ಬುಡದಲ್ಲಿ, ಕಾಡಿನ ಅಂಚಿನಲ್ಲಿ ಬೀಡುಬಿಟ್ಟರು. ಬೀಡು ನೆಲೆಯಾಯಿತು. ಪಕ್ಕದ ಹಳ್ಳಿಯ ಹೆಸರಿಗೆ ‘ತಾಂಡಾ’ ಎಂಬ ಬಾಲ ಸೇರಿ ನೆಲೆಗೊಂದು ಹೆಸರು ಹುಟ್ಟಿತು. ಹೆಸರಲ್ಲೇ ಅದು ಇನ್ನೊಂದು ಊರಿನ ನೆರಳಾಗಿತ್ತು. ಕಾಡುಗೊಲ್ಲರ ಹಟ್ಟಿಗಳ ಕತೆಯೂ ಬಹಳ ಬೇರೆಯಲ್ಲ, ಅವೂ ಹೀಗೆಯೇ ಇನ್ನೊಂದು ಊರಿನ ‘ಗೊಲ್ಲರಹಟ್ಟಿ’ಗಳಾಗಿ ಉಳಿದವು.

ತಾಂಡಾದೊಳಗೆ ಆಡಳಿತ ಇರಲಿಲ್ಲವೆಂದಲ್ಲ. ನಾಯಕ, ಡಾವ, ಕಾರಭಾರಿ ಎಂಬ ಮೂವರು ಅಲ್ಲಿಯ ಹಿರಿಯರು. ಜಗಳ, ಮದುವೆ, ದಂಡ, ಹಬ್ಬ ಎಲ್ಲವೂ ಅವರ ಮುಂದೆ ‘ನಸಾಬ್’ ಎಂಬ ಪಂಚಾಯ್ತಿಯಲ್ಲಿ ತೀರ್ಮಾನವಾಗುತ್ತಿದ್ದವು. ಮಾತೆಲ್ಲ ಗೋರಮಾಟಿಯಲ್ಲಿ ನಡೆಯುತ್ತಿತ್ತು. ಆದರೆ ಈ ಆಡಳಿತಕ್ಕೂ ಸರ್ಕಾರದ ಆಡಳಿತಕ್ಕೂ ನಡುವೆ ಬಾಗಿಲು ಇರಲಿಲ್ಲ. ತಾಂಡಾದವರಿಗೆ ಸರ್ಕಾರವೆಂದರೆ ಬಹುಕಾಲ ಪೊಲೀಸ್ ಪೇದೆ, ಅರಣ್ಯದ ಗಾರ್ಡ್ ಮತ್ತು ಊರ ಪಟೇಲ.

ಬಾಗಿಲು ನಿಧಾನವಾಗಿ ತೆರೆಯಿತು. ಹಳೆ ಮೈಸೂರಿಗೆ ಸೇರಿದ ಚಿತ್ರದುರ್ಗದಲ್ಲಿ ಲಂಬಾಣಿಗರು ಮೊದಲಿನಿಂದಲೇ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದರು. ಉತ್ತರದ ಜಿಲ್ಲೆಗಳ ಲಂಬಾಣಿಗರು ಅದಕ್ಕಾಗಿ ಪ್ರದೇಶ ನಿರ್ಬಂಧ ತೆಗೆದ 1977ರವರೆಗೆ ಕಾಯಬೇಕಾಯಿತು. 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಾಗಿತ್ತು. 1993ರ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು, 2010ರಲ್ಲಿ ಅದು ಅರ್ಧವಾಯಿತು. ಇದರ ಫಲ ಸಣ್ಣದಲ್ಲ. ನಾಯಕನ ಪಟ್ಟ ವಂಶದಲ್ಲಿ ಗಂಡಿನಿಂದ ಗಂಡಿಗೆ ಇಳಿದುಬರುತ್ತಿದ್ದ ತಾಂಡಾದಲ್ಲಿ, ನಸಾಬಿನಲ್ಲಿ ಮಾತಿನ ಹಕ್ಕಿಲ್ಲದ ಹೆಣ್ಣುಮಗಳು ಪಂಚಾಯ್ತಿ ಸದಸ್ಯೆಯಾಗಿ ಊರಿನ ಗೌಡರ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಮೊದಲು ಆಕೆಯ ಪರವಾಗಿ ಗಂಡನೇ ಮಾತಾಡಿರಬಹುದು, ರುಜುವಿನ ಜಾಗದಲ್ಲಿ ಹೆಬ್ಬೆಟ್ಟು ಬಿದ್ದಿರಬಹುದು. ಹಾಗಿದ್ದರೂ ಆ ಕುರ್ಚಿ ನಾಯಕ ಕೊಟ್ಟದ್ದಾಗಿರಲಿಲ್ಲ. ಹೊಸದುರ್ಗಕ್ಕೆ ಹೊಂದಿಕೊಂಡ ಕಡೂರು ತಾಲ್ಲೂಕಿನ ತಂಗಲಿ ತಾಂಡಾದ ಬಿ.ಟಿ. ಲಲಿತಾ ನಾಯಕ್ ಕನ್ನಡದ ಮುಖ್ಯ ಲೇಖಕಿಯಾಗಿ, ರಾಜ್ಯದ ಸಚಿವೆಯಾಗಿ ಬೆಳೆದ ದಾರಿಯನ್ನು ನೆನೆದರೆ ಈ ಬದಲಾವಣೆಯ ಅಳತೆ ಸಿಗುತ್ತದೆ.

ಸದಸ್ಯೆ ಬಂದಳು, ಆದರೆ ಆಕೆ ಕೇಳಿದ್ದನ್ನು ಕೊಡಲು ಪಂಚಾಯ್ತಿಗೆ ಕೈಕಟ್ಟಿತ್ತು. ಕಂದಾಯ ಗ್ರಾಮಕ್ಕೊಂದು ಗ್ರಾಮಠಾಣಾ ಇರುತ್ತದೆ, ಅಂದರೆ ಮನೆ ಕಟ್ಟಿಕೊಳ್ಳಲೆಂದು ಗುರುತಿಸಿದ ನೆಲ. ಅದರೊಳಗಿನ ಮನೆಗೆ ಪಂಚಾಯ್ತಿ ಖಾತೆ ಮಾಡಿಕೊಡಬಹುದು, ಇ-ಸ್ವತ್ತಿನ ನಮೂನೆ ಕೊಡಬಹುದು. ತಾಂಡಾಕ್ಕೆ ಗ್ರಾಮಠಾಣಾ ಇಲ್ಲ. ಮೂರು ತಲೆಮಾರು ವಾಸವಿದ್ದ ಮನೆ ದಾಖಲೆಯಲ್ಲಿ ಒತ್ತುವರಿ. ಹಾಗಾಗಿ ಸರ್ಕಾರದ ಮನೆ ಮಂಜೂರಾದರೆ ‘ನಿವೇಶನದ ಪತ್ರ ತನ್ನಿ’ ಎನ್ನುತ್ತಾರೆ. ಬ್ಯಾಂಕಿಗೆ ಹೋದರೆ ಅಡವಿಡಲು ಕಾಗದವಿಲ್ಲ. ಸ್ಮಶಾನಕ್ಕೆ, ಅಂಗನವಾಡಿಗೆ ನೆಲ ಗುರುತಿಸಬೇಕೆಂದರೆ ಕಡತ ತಾಲ್ಲೂಕು ಕಚೇರಿಗೂ ಅರಣ್ಯ ಇಲಾಖೆಗೂ ನಡುವೆ ಓಡಾಡುತ್ತದೆ. ಪಂಚಾಯ್ತಿ ಬೀದಿದೀಪ ಹಾಕಿಸಿತು, ಕೊಳವೆಬಾವಿ ಕೊರೆಸಿತು. ದೀಪದ ಕೆಳಗಿನ ನೆಲ ಮಾತ್ರ ಬೇರೆಯವರದಾಗಿಯೇ ಇತ್ತು.

ಈ ಗಂಟನ್ನು ಬಿಚ್ಚುವ ಯತ್ನ ಶುರುವಾದದ್ದು ಇತ್ತೀಚೆಗೆ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮ ಬಂತು. 2016ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಾಗ ಕಂದಾಯ ಮಂತ್ರಿಯಾಗಿದ್ದವರು ಕಾಗೋಡು ತಿಮ್ಮಪ್ಪ. 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದ ಊರಿನವರು ಅವರು. ‘ಉಳುವವನೇ ಹೊಲದೊಡೆಯ’ ಎಂಬ ಹಳೆಯ ಘೋಷಣೆಯ ಜಾಗದಲ್ಲಿ ಈಗ ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ಕೇಳಿಸಿತು. ಆ ತಿದ್ದುಪಡಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ಕುರುಬರಹಟ್ಟಿ, ನಾಯಕರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಕ್ಯಾಂಪ್, ಕಾಲೊನಿ ಎಂದು ದಾಖಲೆಯಿಲ್ಲದ ಜನವಸತಿಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಕಾನೂನಿನ ಒಣ ವಾಕ್ಯದಲ್ಲಿ ಆ ಪಟ್ಟಿಯನ್ನು ಓದುವಾಗ, ಚಿತ್ರದುರ್ಗದ ಬಯಲಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಊರುಗಳೆಲ್ಲ ಸಾಲಾಗಿ ಹಾದುಹೋದಂತಾಗುತ್ತದೆ. ಕಂದಾಯ ಗ್ರಾಮಗಳ ಘೋಷಣೆ ಅಲ್ಲಿಂದ ವೇಗ ಪಡೆಯಿತು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಹಕ್ಕುಪತ್ರ ಹಂಚಿದಾಗ ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳ ಹೆಸರು ಆ ಪಟ್ಟಿಯಲ್ಲಿತ್ತು.

ಹಾಗಾದರೆ ಕತೆ ಸುಖಾಂತವೇ? ನನಗೆ ಹಾಗನ್ನಿಸುವುದಿಲ್ಲ. ತಾಂಡಾ ಸರ್ಕಾರದ ಅಚ್ಚಿಗೆ ಹೊಂದಿಕೊಂಡಿತು, ಸರ್ಕಾರ ತಾಂಡಾದ ಬದುಕಿಗೆ ಎಷ್ಟು ಹೊಂದಿಕೊಂಡಿತು ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಕಾಲದ ಲೆಕ್ಕವನ್ನೇ ನೋಡಿ. ಮಳೆಯಾಶ್ರಿತ ರಾಗಿ, ಜೋಳದ ಸುಗ್ಗಿ ಮುಗಿದ ಮೇಲೆ ಈ ಭಾಗದ ತಾಂಡಾಗಳಿಂದ ಕುಟುಂಬಗಳು ಚಿಕ್ಕಮಗಳೂರು, ಕೊಡಗಿನ ಕಾಫಿ ಕೊಯ್ಲಿಗೂ ಕಬ್ಬಿನ ಗದ್ದೆಗಳಿಗೂ ಹೊರಡುತ್ತವೆ. ಅರೇಬಿಕಾ ಕೊಯ್ಲು ನವೆಂಬರಿನಲ್ಲಿ ಶುರುವಾದರೆ ರೊಬಸ್ಟಾ ಮುಗಿಯುವಾಗ ಮಾರ್ಚ್. ಪಂಚಾಯ್ತಿಯ ಮುಂದಿನ ವರ್ಷದ ಕ್ರಿಯಾಯೋಜನೆಗೆ ಸಭೆಗಳು ಅಕ್ಟೋಬರ್ 2ರಿಂದ ಶುರುವಾಗಿ ಚಳಿಗಾಲದುದ್ದಕ್ಕೂ ನಡೆಯುತ್ತವೆ. 2015ರ ತಿದ್ದುಪಡಿ ಗ್ರಾಮಸಭೆ, ವಾರ್ಡ್‌ಸಭೆಗಳ ಕೆಳಗೆ ‘ಜನವಸತಿ ಸಭೆ’ಯನ್ನೂ ತಂದಿತು. ತಾಂಡಾಕ್ಕೇ ತನ್ನದೊಂದು ಸಭೆ ಸಿಗುವ ಒಳ್ಳೆಯ ಏರ್ಪಾಡು ಅದು. ಆದರೆ ಸಭೆಯ ದಿನ ತಾಂಡಾದಲ್ಲಿ ಮುದುಕರು, ಮಕ್ಕಳು, ಬೀಗ ಮಾತ್ರ ಇದ್ದರೆ?

ಎಣಿಕೆಯಲ್ಲೂ ಇದೇ ಪೆಟ್ಟು. 2011ರ ಜನಗಣತಿಯಲ್ಲಿ ಮನೆಮನೆಗೆ ಬಂದು ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಅವರು ಸಿಕ್ಕ ಜಾಗದಲ್ಲೇ ಎಣಿಸಬೇಕೆಂಬುದು ನಿಯಮ. ಅಂದರೆ ಕಾಫಿ ತೋಟದ ಲೈನ್‌ಮನೆಯಲ್ಲಿದ್ದವರು ತೋಟದೂರಿನ ಲೆಕ್ಕಕ್ಕೆ ಸೇರಿದರು. ಗ್ರಾಮ ಪಂಚಾಯ್ತಿಯಲ್ಲಿ 400 ಜನರಿಗೊಬ್ಬ ಸದಸ್ಯ, ಪರಿಶಿಷ್ಟರ ಸ್ಥಾನಗಳು ಅವರ ಜನಸಂಖ್ಯೆಗೆ ತಕ್ಕಷ್ಟು, ಅನುದಾನದ ಹಂಚಿಕೆಗೂ ತಲೆಯೆಣಿಕೆಯೇ ಮುಖ್ಯ. ವಲಸೆ ಹೋದವರು ಕೂಲಿಯ ಜೊತೆಗೆ ತಮ್ಮೂರಿನ ಪಾಲನ್ನೂ ಬಿಟ್ಟುಕೊಟ್ಟಂತಾಯಿತು. ಚುನಾವಣೆಯ ಮಾತು ಬೇರೆ. 2020ರ ಗ್ರಾಮ ಪಂಚಾಯ್ತಿ ಚುನಾವಣೆ ಡಿಸೆಂಬರ್ 22 ಮತ್ತು 27ರಂದು ನಡೆಯಿತು, ಕೊಯ್ಲಿನ ನಟ್ಟನಡುವೆ. ಮತದಾನಕ್ಕೆ ವಲಸಿಗರನ್ನು ವಾಹನ ಮಾಡಿ ಕರೆಸುವುದು ಈ ಸೀಮೆಯಲ್ಲಿ ಯಾರಿಗೂ ಹೊಸದಲ್ಲ. ಮತದ ದಿನ ಯಾರು ಯಾವ ತೋಟದಲ್ಲಿದ್ದಾರೆಂಬುದು ಅಭ್ಯರ್ಥಿಗೆ ಗೊತ್ತಿರುತ್ತದೆ. ಗ್ರಾಮಸಭೆಯ ದಿನ ಅದೇ ವಿಳಾಸ ಯಾರಿಗೂ ಬೇಕಾಗುವುದಿಲ್ಲ.

ಇನ್ನು ನುಡಿ. 2011ರಲ್ಲಿ ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಜನ ತಮ್ಮ ತಾಯ್ನುಡಿ ಲಮಾಣಿ ಅಥವಾ ಲಂಬಾಡಿ ಎಂದು ಬರೆಸಿದರು. ಜನಗಣತಿ ಅವರನ್ನು ಹಿಂದಿಯ ಒಳಗೆ ಸೇರಿಸಿತು. ಹೊಳಲ್ಕೆರೆಯ ತಾಂಡಾದ ಅಜ್ಜಿ, ಹಿಂದಿಯ ಒಂದು ವಾಕ್ಯ ಬಾರದಿದ್ದರೂ, ದಾಖಲೆಯಲ್ಲಿ ಹಿಂದಿಯವಳು. ಪಂಚಾಯ್ತಿಯ ನೋಟಿಸು, ಠರಾವು, ಅರ್ಜಿ ನಮೂನೆ ಎಲ್ಲವೂ ಕನ್ನಡದಲ್ಲಿ. ಅದರಲ್ಲಿ ತಪ್ಪಿಲ್ಲ. ತಾಂಡಾದ ಹೊಸ ತಲೆಮಾರು ಕನ್ನಡದಲ್ಲೇ ಓದಿ, ಕನ್ನಡದಲ್ಲೇ ಬರೆಯುತ್ತಿದೆ. ಆದರೆ ಆಸ್ತಿ, ಪಿಂಚಣಿ, ಕೆಲಸದ ಚೀಟಿಯ ಮಾತು ಬಂದಾಗ ಹಿರಿಯ ಹೆಣ್ಣುಮಕ್ಕಳಿಗೆ ಗೋರಮಾಟಿಯಲ್ಲಿ ಒಮ್ಮೆ ವಿವರಿಸಿ ಹೇಳಬೇಕೆಂಬ ಕಟ್ಟಳೆ ಯಾವ ನಿಯಮದಲ್ಲೂ ಕಾಣುವುದಿಲ್ಲ. ಅದು ತಾಂಡಾದ ಒಬ್ಬ ಸದಸ್ಯೆಯ, ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಒಳ್ಳೆಯತನಕ್ಕೆ ಬಿಟ್ಟ ವಿಷಯ.

ಬೇರೆ ದೇಶವೊಂದು ಇಂಥ ಪ್ರಶ್ನೆಯನ್ನು ಹೇಗೆ ಎದುರಿಸಿತೆಂದು ನೋಡಬಹುದು. ಅಮೆರಿಕದಲ್ಲಿ ಸ್ಪ್ಯಾನಿಷ್ ಮಾತಾಡುವ ಮನೆತನಗಳವರನ್ನು ಹಿಸ್ಪಾನಿಕ್ ಎಂದು ಎಲ್ಲರ ಮನೆಯಲ್ಲೂ ಕೇಳಿ ಎಣಿಸಿದ್ದು 1980ರ ಜನಗಣತಿಯಲ್ಲಿ. ಅದಕ್ಕೂ ಮೊದಲೇ, 1975ರಲ್ಲಿ, ಮತದಾನ ಹಕ್ಕಿನ ಕಾಯ್ದೆಗೆ ಒಂದು ಕಲಮು ಸೇರಿತ್ತು. ಒಂದು ಕೌಂಟಿಯ ಮತದಾರ ವಯಸ್ಸಿನ ನಾಗರಿಕರಲ್ಲಿ ಇಂಗ್ಲಿಷ್ ಸಾಲದೆ ಬರುವ ಒಂದು ನುಡಿಯವರು ಶೇ 5ನ್ನು ದಾಟಿದರೆ, ಮತಪತ್ರವನ್ನೂ ಚುನಾವಣೆಯ ಮಾಹಿತಿಯನ್ನೂ ಆ ನುಡಿಯಲ್ಲಿ ಕೊಡುವುದು ಸ್ಥಳೀಯ ಆಡಳಿತದ ಹೊಣೆ. ಶೇ 5ಕ್ಕೆ ಪರ್ಯಾಯವಾಗಿ 10 ಸಾವಿರ ಜನ ಎಂಬ ಅಳತೆ ಆಮೇಲೆ ಬಂತು. ಅಲ್ಲಿ ವಲಸಿಗರ ಬಾಳು ಹೂವಿನ ಹಾಸಿಗೆಯೆಂದು ನಾನು ಹೇಳುತ್ತಿಲ್ಲ. ಎಣಿಕೆ ಒಂದು ಗೆರೆ ದಾಟಿದರೆ ಬದಲಾಗಬೇಕಾದದ್ದು ಕಚೇರಿ ಎಂಬ ತತ್ವ ಗಮನಿಸುವಂಥದ್ದು. ನಮ್ಮಲ್ಲಿ ಎಣಿಕೆ ಎಷ್ಟೇ ಬೆಳೆದರೂ ಬದಲಾಗಬೇಕಾದವರು ಬಂದವರೇ.

ಇದಕ್ಕೆ ದೊಡ್ಡ ಕಾಯ್ದೆಯೇನೂ ಬೇಡ. ಜನವಸತಿ ಸಭೆಯನ್ನು ತಾಂಡಾ ತುಂಬಿರುವ ಯುಗಾದಿಯ ಆಚೀಚೆ ಕರೆಯಬಹುದು, ಅಲ್ಲಿಯ ಮಾತು ಎರಡೂ ನುಡಿಯಲ್ಲಿ ನಡೆಯಬಹುದು, ವಲಸೆ ಹೋಗುವವರ ಹೆಸರನ್ನು ಪಂಚಾಯ್ತಿಯೇ ಬರೆದಿಟ್ಟುಕೊಳ್ಳಬಹುದು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೆಸರಲ್ಲಿನ್ನೂ ಹಟ್ಟಿಯೇ, ಇವತ್ತು ಅದು ಪಟ್ಟಣ ಪಂಚಾಯ್ತಿ. ಹಟ್ಟಿ ಊರಾಗುವುದು, ಊರು ಪಟ್ಟಣವಾಗುವುದು ಈ ನೆಲಕ್ಕೆ ಹೊಸದಲ್ಲ.

ತಾಂಡಾಗಳ ಹೊಸ ನಕ್ಷೆಗಳನ್ನು ನೋಡಿದಾಗ ನಿಜಕ್ಕೂ ಸಂತೋಷವಾಗುತ್ತದೆ. ಗಡಿಗೆರೆಯೊಳಗೆ ಮನೆಗಳ ಪುಟ್ಟ ಚೌಕಗಳಿವೆ, ಒಂದೊಂದಕ್ಕೂ ಸಂಖ್ಯೆ ಇದೆ. ಡಿಸೆಂಬರಿನಲ್ಲಿ ಅದೇ ತಾಂಡಾಕ್ಕೆ ಹೋದರೆ ಆ ಚೌಕಗಳಲ್ಲಿ ಹಲವಕ್ಕೆ ಬೀಗ ಬಿದ್ದಿರುತ್ತದೆ. ನಕ್ಷೆಗೆ ಬಂದ ಊರು ವರ್ಷಕ್ಕೆ ನಾಲ್ಕು ತಿಂಗಳು ಬೇಚರಾಕ್ ಆಗುತ್ತದೆ. ಆ ನಾಲ್ಕು ತಿಂಗಳಲ್ಲೂ ಅಲ್ಲಿಯವರನ್ನು ತನ್ನವರೆಂದು ಪಂಚಾಯ್ತಿ ಲೆಕ್ಕ ಹಿಡಿದಾಗ ತಾಂಡಾ ಊರಾಯಿತೆನ್ನಬಹುದು.